ತೊಗಲು, ಎಲುಬು, ಬೋರಿನ ನೀರು

(ದತ್ತಿ ಉಪನ್ಯಾಸದ ಪಠ್ಯ)

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ತೊಗಲುಗೊಂಬೆಯಾಟದ ಕಥೆ, ಹಾಡು, ಮನೆತನ ಎಲ್ಲವೂ ಸುದ್ದಿಯಾದವು. ಆಗಬೇಕಾದದ್ದೇ. ಆದರೆ ಶರೀರರಚನೆ ಕಲಿಸುವವರ ಕಣ್ಣು ಗೊಂಬೆಯ ಬಣ್ಣ ದಾಟಿ ತೊಗಲಿನ ಮೇಲೇ ನಿಲ್ಲಬೇಕು. ಆಡಿನ ಹಸಿ ತೊಗಲನ್ನು ನೆನೆಹಾಕಿ ಕೂದಲು ಹೆರೆಯುತ್ತಾರೆ. ಕೂದಲಿನ ಜೊತೆಗೇ ಚರ್ಮದ ಹೊರಪದರವೂ ಕಳಚಿ ಹೋಗುತ್ತದೆ. ಆಮೇಲೆ ತೊಗಲು ಮಗುಚಿ, ಒಳಮೈಗೆ ಅಂಟಿದ ಕೊಬ್ಬನ್ನೂ ಬಿಳಿ ಪೊರೆಯನ್ನೂ ಕೆರೆದು ತೆಗೆಯುತ್ತಾರೆ. ಉಳಿಯುವುದು ನಡುವಿನ ಒಂದು ಪದರ ಮಾತ್ರ. ಅದನ್ನು ಎಳೆದು ಬಿಗಿದು ಒಣಗಿಸಿದರೆ ದೀಪದ ಬೆಳಕು ಹಾಯುವಷ್ಟು ತೆಳುವಾದ, ಕೈಯಿಂದ ಹರಿಯಲು ಬಾರದಷ್ಟು ಗಟ್ಟಿಯಾದ ಹಾಳೆ ಸಿದ್ಧ.

ಒಳಮೈಯಿಂದ ಕೆರೆದು ಬಿಸಾಕಿದ್ದು ಎರಡು ಬಗೆ, ಉಳಿಸಿಕೊಂಡದ್ದು ಒಂದು ಬಗೆ. ಮೂರೂ ಸಂಯೋಜಕ ಅಂಗಾಂಶಗಳೇ. ಬಿಳಿ ಪೊರೆ ಸಡಿಲ ಅಂಗಾಂಶ, ಕೊಬ್ಬು ಮೇದಸ್ಸಿನ ಅಂಗಾಂಶ, ಉಳಿದ ಹಾಳೆ ಒತ್ತಾದ ನಾರಿನ ಅಂಗಾಂಶ. ಅದರಲ್ಲಿ ನಾರುಗಳು ಒಂದೇ ದಿಕ್ಕಿಗೆ ಸಾಗದೆ ಅಡ್ಡ, ಉದ್ದ, ಓರೆಯಾಗಿ ಹೆಣೆದುಕೊಂಡಿರುತ್ತವೆ. ಆದ್ದರಿಂದಲೇ ಯಾವ ಕಡೆಗೆ ಎಳೆದರೂ ಅದು ತಾಳುತ್ತದೆ. ತೇವ ಆರಿ ನಾರುಗಳು ಒತ್ತೊತ್ತಾಗಿ ಕೂತಾಗ ಬೆಳಕು ಚದುರುವುದು ಕಡಿಮೆಯಾಗಿ ಪರದೆಯ ಮೇಲೆ ರಾಮನೂ ರಾವಣನೂ ಬಣ್ಣಬಣ್ಣವಾಗಿ ಕಾಣುತ್ತಾರೆ. ಮನುಷ್ಯನ ಚರ್ಮದ ರಚನೆಯೂ ಇದೇ. ಶಸ್ತ್ರಚಿಕಿತ್ಸಕರ ಸೂಜಿದಾರ ಕಚ್ಚಿ ನಿಲ್ಲುವುದು ಈ ನಡುಪದರದಲ್ಲೇ ಹೊರತು ಕೊಬ್ಬಿನಲ್ಲಲ್ಲ.

ದೇಹದಲ್ಲಿರುವುದು ನಾಲ್ಕು ಜಾತಿಯ ಅಂಗಾಂಶಗಳು ಎಂದು ಹೈಸ್ಕೂಲಿನ ಪುಸ್ತಕ ಹೇಳುತ್ತದೆ: ಹೊದಿಕೆಯದು, ಸ್ನಾಯುವಿನದು, ನರದ್ದು, ಸಂಯೋಜಕ. ಮೊದಲ ಮೂರರ ಕೆಲಸ ಎದ್ದು ಕಾಣುತ್ತದೆ. ನಾಲ್ಕನೆಯದು ಅವುಗಳ ನಡುವೆ ತುಂಬಿಕೊಂಡು, ಕಟ್ಟಿ ಹಿಡಿದು, ಹೊತ್ತು ನಿಲ್ಲುತ್ತದೆ. ಪರೀಕ್ಷೆ ಮುಗಿದ ಮೇಲೆ ಯಾರೂ ಅದನ್ನು ನೆನೆಯುವುದಿಲ್ಲ. ಅಂಗಾಂಶಗಳನ್ನು ಬೇರೆಬೇರೆಯಾಗಿ ಗುರುತಿಸಿದ ಪ್ಯಾರಿಸ್ಸಿನ ಕ್ಸೇವಿಯೇ ಬಿಷಾ 1801ರಲ್ಲಿ 21 ಬಗೆಗಳ ಪಟ್ಟಿ ಕೊಟ್ಟಿದ್ದ. ಸೂಕ್ಷ್ಮದರ್ಶಕದ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಹೆಣಗಳನ್ನು ಕೊಯ್ದು, ಬೇಯಿಸಿ, ಒಣಗಿಸಿ, ಕೊಳೆಸಿ ನೋಡಿಯೇ ಆ ಪಟ್ಟಿ ಮಾಡಿದ. ತೊಗಲು ಹದ ಮಾಡುವವರು ಮಾಡುವುದಕ್ಕೂ ಅವನು ಮಾಡಿದ್ದಕ್ಕೂ ಬಹಳ ದೂರವಿಲ್ಲ.

ಸಂಯೋಜಕ ಅಂಗಾಂಶವನ್ನು ಉಳಿದವುಗಳಿಂದ ಬೇರೆ ಮಾಡುವ ಗುಣ ಒಂದಿದೆ, ಈ ಉಪನ್ಯಾಸವೆಲ್ಲ ಅದರ ಸುತ್ತಲೇ ಸುತ್ತುತ್ತದೆ. ಉಳಿದ ಅಂಗಾಂಶಗಳಲ್ಲಿ ಜೀವಕೋಶಗಳು ಮೈಗೆ ಮೈ ತಾಗಿಸಿಕೊಂಡಿರುತ್ತವೆ. ಇಲ್ಲಿ ಜೀವಕೋಶಗಳು ವಿರಳ. ಅವುಗಳ ನಡುವಿನ ಜಾಗವೇ ಹೆಚ್ಚು. ಆ ಜಾಗದಲ್ಲಿ ಇರುವುದು ನಾರು ಮತ್ತು ನೀರು ಹಿಡಿದಿಟ್ಟುಕೊಂಡ ಲೋಳೆ. ಎರಡನ್ನೂ ನೇಯ್ದು ಹೊರಹಾಕುವುದು ಫೈಬ್ರೋಬ್ಲಾಸ್ಟ್ ಎಂಬ ಕೋಶ. ನಡುವಿನ ಜಾಗದಲ್ಲಿ ಏನು ತುಂಬಿದೆ ಎಂಬುದರ ಮೇಲೆ ಅಂಗಾಂಶದ ಜಾತಿ ನಿಂತಿದೆ. ನಾರು ಹೆಚ್ಚಾಗಿ ಒತ್ತಾದರೆ ರಜ್ಜು, ಲೋಳೆ ಹೆಚ್ಚಾಗಿ ಬಿಗಿತ ಬಂದರೆ ಮೃದ್ವಸ್ಥಿ, ಸುಣ್ಣದ ಲವಣ ಕೂತರೆ ಎಲುಬು, ಬರಿಯ ದ್ರವವಾದರೆ ರಕ್ತ. ರಕ್ತವನ್ನು ಈ ಕುಟುಂಬಕ್ಕೆ ಸೇರಿಸುವುದು ವಿಚಿತ್ರವೆನಿಸಬಹುದು. ಅದರಲ್ಲಿ ನಾರು ಸುಮ್ಮನೆ ಕರಗಿಕೊಂಡಿದ್ದು, ಗಾಯವಾದಾಗ ಮಾತ್ರ ಬಲೆಯಾಗಿ ಹೊರಬಂದು ಹೆಪ್ಪುಗಟ್ಟಿಸುತ್ತದೆ. ಅದರ ಕಥೆಯೇ ಬೇರೆ, ಇವತ್ತು ಅದು ಬೇಡ.

ನಾರು ಎಂದಾಗ ಮೊದಲ ಮರ್ಯಾದೆ ಕೊಲಾಜನ್‌ಗೆ ಸಲ್ಲಬೇಕು. ದೇಹದ ಒಟ್ಟು ಪ್ರೋಟೀನಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಇದೇ. ಇದುವರೆಗೆ 28 ಬಗೆಯ ಕೊಲಾಜನ್ ಗುರುತಾಗಿದೆ; ಚರ್ಮ, ರಜ್ಜು, ಎಲುಬುಗಳಲ್ಲಿರುವ ಮೊದಲನೆಯ ಬಗೆಯೇ ಒಟ್ಟು ಕೊಲಾಜನ್ನಿನ ಶೇಕಡಾ 90ರಷ್ಟು. ಇದರ ರಚನೆ ಬಿಡಿಸಿದ್ದು ದಕ್ಷಿಣ ಭಾರತದಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಕೈಕೆಳಗೆ ಕಲಿತ ಜಿ.ಎನ್. ರಾಮಚಂದ್ರನ್ 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದರು. ಬ್ರಿಟನ್ನಿನ ವಿಜ್ಞಾನಿ ಜೆ.ಡಿ. ಬರ್ನಾಲ್ ಅಲ್ಲಿಗೆ ಬಂದಾಗ ಕೊಲಾಜನ್ನಿನ ರಚನೆ ಇನ್ನೂ ಬಗೆಹರಿದಿಲ್ಲ ಎಂಬ ಮಾತು ಬಂತು. ರಾಮಚಂದ್ರನ್ ನೆರೆಯಲ್ಲೇ ಇದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ಸ್ನಾಯುರಜ್ಜು ತರಿಸಿಕೊಂಡು ಅದರ ಮೂಲಕ ಎಕ್ಸ್‌-ರೇ ಹಾಯಿಸಿದರು. 1954ರಲ್ಲಿ, ಮತ್ತೆ ತಿದ್ದಿ 1955ರಲ್ಲಿ, ಗೋಪಿನಾಥ್ ಕರ್ತಾ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಅವರು ತೋರಿಸಿಕೊಟ್ಟದ್ದು ಇಷ್ಟು: ಮೂರು ಎಳೆ ಸೇರಿಸಿ ಹುರಿ ಹೊಸೆದ ಹಗ್ಗದ ಹಾಗೆ ಕೊಲಾಜನ್ನಿನ ಮೂರು ಸರಪಳಿಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಹುರಿ ಬಿಗಿಯಾಗಬೇಕಾದರೆ ಸರಪಳಿಯ ಪ್ರತಿ ಮೂರನೆಯ ಜಾಗದಲ್ಲಿ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವೇ ಇರಬೇಕು. ಅದಕ್ಕಿಂತ ದೊಡ್ಡದೊಂದು ಬಂದು ಕೂತರೆ ಹುರಿ ಸಡಿಲ. ಹುಟ್ಟಿನಿಂದಲೇ ಎಲುಬು ಪಟಪಟ ಮುರಿಯುವ ಕಾಯಿಲೆಯ ಹಲವು ಮಕ್ಕಳಲ್ಲಿ ಆಗಿರುವ ತಪ್ಪು ಇಂಥದ್ದೊಂದೇ. 1971ರಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗ ಕಟ್ಟಿದರು.

ಹುರಿ ಭದ್ರವಾಗಲು ಇನ್ನೊಂದು ಬೇಕು, ಸಿ ಜೀವಸತ್ವ. ಸರಪಳಿಯಲ್ಲಿನ ಪ್ರೋಲೀನ್ ಎಂಬ ಅಮೈನೋ ಆಮ್ಲಕ್ಕೆ ಆಮ್ಲಜನಕ ಸೇರಿಸುವ ಕಿಣ್ವ ಅದಿಲ್ಲದೆ ಕೆಲಸ ಮಾಡದು. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರಿಗೆ ವಸಡು ಒಸರಿ, ವರ್ಷಗಳ ಹಿಂದೆ ಮಾಯ್ದ ಗಾಯದ ಕಲೆ ಮತ್ತೆ ಬಾಯ್ಬಿಡುತ್ತಿತ್ತು. ಕಲೆಯ ಕೊಲಾಜನ್ ಸದಾ ಸವೆಯುತ್ತ, ಸದಾ ಹೊಸದಾಗುತ್ತ ಇರುತ್ತದೆ. ಹೊಸದರ ಹುರಿ ಬಿಗಿಯಾಗದಿದ್ದರೆ ಹಳೆಯದೂ ಬಿಟ್ಟುಕೊಳ್ಳುತ್ತದೆ. ಬ್ರಿಟಿಷ್ ನೌಕಾವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ ಕಿತ್ತಳೆ, ಲಿಂಬೆ ಕೊಟ್ಟು ಈ ಕಾಯಿಲೆಯನ್ನು ಗುಣಪಡಿಸಿ ತೋರಿಸಿದ. ನೂರು ಗ್ರಾಂ ಪೇರಲ ಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ, ಕಿತ್ತಳೆಗಿಂತ ಎಷ್ಟೋ ಹೆಚ್ಚು. ಸಂತೆಯಲ್ಲಿ ಪೇರಲ ಕಡಿಮೆ ಬೆಲೆಗೆ ಸಿಗುವ ಊರಿನಲ್ಲಿ ಕೊಲಾಜನ್ ಪುಡಿಯ ಡಬ್ಬಕ್ಕೆ ಸಾವಿರಾರು ರೂಪಾಯಿ ಸುರಿಯುವುದು ಬುದ್ಧಿವಂತಿಕೆಯಲ್ಲ. ಎಲುಬು ಕೂಡಲಿ ಎಂದು ಕುಡಿಸುವ ಕುರಿ ಕಾಲಿನ ಸೂಪಿನ ವಿಷಯವೂ ಅಷ್ಟೇ. ಗಂಟೆಗಟ್ಟಲೆ ಕುದಿಸಿದಾಗ ಕಾಲಿನ ಕೊಲಾಜನ್ ಹುರಿ ಬಿಚ್ಚಿ ಜೆಲಟಿನ್ ಆಗುತ್ತದೆ, ಆರಿದ ಮೇಲೆ ಗಟ್ಟಿಯಾಗುವುದು ಅದಕ್ಕೇ. ಹೊಟ್ಟೆಯಲ್ಲಿ ಅದು ಮತ್ತೆ ಬಿಡಿಬಿಡಿಯಾಗಿ ಜೀರ್ಣವಾಗುತ್ತದೆ, ಇಡಿಯಾಗಿ ಹೋಗಿ ಮುರಿದ ಎಲುಬಿಗೆ ಅಂಟುವುದಿಲ್ಲ. ರುಚಿಗೆ ಕುಡಿಯಬಹುದು, ಒಳ್ಳೆಯ ರುಚಿ.

ಎರಡನೆಯ ನಾರು ಎಲಾಸ್ಟಿನ್. ಎಳೆದರೆ ಹಿಗ್ಗಿ, ಬಿಟ್ಟರೆ ಹಿಂದೆ ಸರಿಯುವ ಇದು ಮಹಾಪಧಮನಿಯ ಗೋಡೆಯಲ್ಲಿ, ಶ್ವಾಸಕೋಶದಲ್ಲಿ, ಚರ್ಮದಲ್ಲಿದೆ. ಬಹುಪಾಲು ತಯಾರಾಗುವುದು ಹುಟ್ಟುವ ಮುಂಚಿನಿಂದ ಬಾಲ್ಯದವರೆಗೆ ಮಾತ್ರ. ಆಮೇಲೆ ಇರುವುದನ್ನೇ ಜೀವಮಾನವಿಡೀ ಬಳಸಬೇಕು. ಎಪ್ಪತ್ತರ ಅಜ್ಜನ ಎದೆಯಲ್ಲಿ ರಕ್ತ ಚಿಮ್ಮಿದಾಗಲೆಲ್ಲ ಹಿಗ್ಗಿ ಕುಗ್ಗುತ್ತಿರುವುದು ಅವನ ಬಾಲ್ಯದಲ್ಲಿ ಹಾಕಿದ ನಾರು.

ಸಡಿಲ ಅಂಗಾಂಶ ಕಣ್ಣಿಗೆ ಬೀಳುವುದು ಕಟುಕರ ಅಂಗಡಿಯಲ್ಲಿ. ತೊಗಲನ್ನು ಮಾಂಸದಿಂದ ಸುಲಿಯುವಾಗ ನಡುವೆ ಬಿಳಿಯಾಗಿ, ಗಾಳಿಗುಳ್ಳೆಗಳಂತೆ ಎಳೆಯುವ ಪೊರೆ ಅದು. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಇಳಿಯುವುದು ಇದೇ ಜಾಗಕ್ಕೆ. ರೋಗಾಣುಗಳನ್ನು ನುಂಗುವ ಕೋಶಗಳು, ಅಲರ್ಜಿಯಾದಾಗ ಹಿಸ್ಟಮಿನ್ ಸುರಿದು ತುಟಿ ಊದಿಸುವ ಕೋಶಗಳು ಇಲ್ಲೇ ಕಾವಲಿರುತ್ತವೆ. ಇಲ್ಲಿನ ಲೋಳೆಯಲ್ಲಿ ಹಯಲುರೊನಿಕ್ ಆಮ್ಲವೆಂಬ ಉದ್ದನೆಯ ಸಕ್ಕರೆಯ ಸರಪಳಿ ನೀರು ಹೀರಿ ಉಬ್ಬಿಕೊಂಡಿದ್ದು, ಹೊರಗಿನಿಂದ ಬಂದದ್ದು ಸುಲಭಕ್ಕೆ ಹರಡದಂತೆ ತಡೆಯುತ್ತದೆ. ಗಂಗಾವತಿಯ ಭತ್ತದ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದಾಗ ಕಾಲು ನೋಡನೋಡುತ್ತ ಊದಿ ಮೇಲೇರುತ್ತದಲ್ಲ, ಅದರಲ್ಲಿ ಈ ಲೋಳೆಯದೂ ಪಾಲಿದೆ. ಹಾವಿನ ವಿಷದಲ್ಲಿ ಸರಪಳಿಯನ್ನು ಕತ್ತರಿಸುವ ಕಿಣ್ವವಿದೆ; ತಡೆಗೋಡೆ ಕರಗಿ ವಿಷಕ್ಕೆ ದಾರಿಯಾಗುತ್ತದೆ. ಕಚ್ಚಿದ ಕಾಲನ್ನು ಅಲುಗಾಡಿಸಬೇಡಿ ಎಂದು ವೈದ್ಯರು ಹೇಳುವುದಕ್ಕೆ, ಉಜ್ಜಬೇಡಿ, ಕೊಯ್ಯಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಗದ್ದೆಯ ಮಾತು ಬಂದಾಗ ನಾಟಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಗಂಗಾವತಿ ಸೀಮೆ ಭತ್ತದ ಕಣಜವಾಯಿತು; ಆ ಕಣಜ ತುಂಬಿದ್ದು ಸೊಂಟ ಬಗ್ಗಿಸಿ ನಿಂತ ಹೆಣ್ಣಾಳುಗಳಿಂದ. ಬಗ್ಗಿ ನಿಂತಾಗ ಬೆನ್ನಿನ ಸ್ನಾಯುಗಳು ದುಡಿಯುತ್ತಿವೆ ಎಂದೇ ಯಾರಿಗಾದರೂ ಅನ್ನಿಸುತ್ತದೆ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬಿಬ್ಬರು ಬೆನ್ನಿನ ಸ್ನಾಯುಗಳ ವಿದ್ಯುತ್ತನ್ನು ಅಳೆದು ನೋಡಿದಾಗ ಕಂಡದ್ದು ಬೇರೆ. ಬಗ್ಗುತ್ತ ಹೋಗುವವರೆಗೆ ಸ್ನಾಯುಗಳು ಕೆಲಸ ಮಾಡುತ್ತವೆ, ಪೂರ್ತಿ ಬಗ್ಗಿದ ಕೂಡಲೇ ಸುಮ್ಮನಾಗುತ್ತವೆ. ಅಲ್ಲಿಂದ ಮೈಭಾರ ಬೀಳುವುದು ಬೆನ್ನುಮೂಳೆಗಳನ್ನು ಹಿಂದಿನಿಂದ ಬಿಗಿದ ಅಸ್ಥಿರಜ್ಜುಗಳ ಮೇಲೆ, ಮೂಳೆಗಳ ನಡುವಿನ ಬಿಲ್ಲೆಗಳ ಮೇಲೆ. ಹೊತ್ತು ಕಳೆದಂತೆ ರಜ್ಜು ನಿಧಾನವಾಗಿ ಉದ್ದವಾಗುತ್ತದೆ, ಎದ್ದು ನಿಂತ ಕ್ಷಣಕ್ಕೆ ಮೊದಲಿನಂತಾಗುವುದಿಲ್ಲ, ಗಂಟೆಗಳೇ ಬೇಕು. ಸಂಜೆ ಮನೆಗೆ ಬಂದವಳು ‘ನಡಾ ನೆಟ್ಟಗಾಗವಲ್ದು’ ಎಂದರೆ ಅದು ಬರಿಯ ದಣಿವಲ್ಲ. ಆಗಾಗ ನೆಟ್ಟಗೆ ನಿಂತು ಹಿಂದಕ್ಕೆ ಬಾಗಿ ಎರಡು ನಿಮಿಷ ಬಿಡುವು ಕೊಡುವುದು ಕೆಲಸಗಳ್ಳತನವಲ್ಲ ಎಂದು ಹೊಲದ ಮಾಲೀಕರಿಗೆ ತಿಳಿಸಿ ಹೇಳುವುದು ಒಳ್ಳೆಯದು.

ಅಸ್ಥಿರಜ್ಜು ಎಲುಬನ್ನು ಎಲುಬಿಗೆ ಕಟ್ಟುತ್ತದೆ. ಜನ ನರವೆಂದೇ ಕರೆಯುವ ಸ್ನಾಯುರಜ್ಜು ಸ್ನಾಯುವನ್ನು ಎಲುಬಿಗೆ ಕಟ್ಟುತ್ತದೆ. ತೊಗಲಿನಲ್ಲಿ ಅಡ್ಡಾದಿಡ್ಡಿಯಾಗಿದ್ದ ಅದೇ ಕೊಲಾಜನ್ ಇಲ್ಲಿ ಒಂದೇ ದಿಕ್ಕಿಗೆ ಸಾಲುಗಟ್ಟಿ ನಿಂತಿರುತ್ತದೆ. ಹೀಗಾಗಿ ಉದ್ದಕ್ಕೆ ಎಳೆದರೆ ಅಪಾರ ಶಕ್ತಿ, ಅಡ್ಡಕ್ಕೆ ಹರಿಯುವುದು ಸುಲಭ. ಎರಡೂ ರಜ್ಜುಗಳ ತುದಿಯಲ್ಲಿ ನಾರುಗಳು ಎಲುಬಿನ ಮೇಲ್ಮೈಗೆ ಅಂಟಿ ನಿಲ್ಲುವುದಿಲ್ಲ, ಎಲುಬಿನ ಒಳಕ್ಕೇ ಇಳಿದು ಬೇರೂರುತ್ತವೆ. ಅವುಗಳಿಗೆ ಹತ್ತೊಂಬತ್ತನೆಯ ಶತಮಾನದ ಶರೀರರಚನಾ ತಜ್ಞ ವಿಲಿಯಂ ಶಾರ್ಪಿಯ ಹೆಸರಿದೆ. ಮೆದುವಾದ ನಾರು ಗಟ್ಟಿ ಎಲುಬಾಗಿ ಬದಲಾಗುವ ಈ ಗಡಿ ಬಹಳ ಸೂಕ್ಷ್ಮವಾದ ಜಾಗ. ಕುಷ್ಟಗಿ, ಯಲಬುರ್ಗಾದ ಬೋರಿನ ನೀರಿನ ಕಥೆಯಲ್ಲಿ ಈ ಗಡಿಗೆ ಮತ್ತೆ ಬರಬೇಕಾಗುತ್ತದೆ.

ಅದಕ್ಕೆ ಮುಂಚೆ ಅಂಜನಾದ್ರಿ. ಆನೆಗೊಂದಿಯ ಬಳಿಯ ಆ ಬೆಟ್ಟಕ್ಕೆ 575 ಮೆಟ್ಟಿಲು. ಭಕ್ತರು ಹನುಮ ಮಾಲೆ ಧರಿಸಿ ಬರುವ ದಿನಗಳಲ್ಲಿ ಹತ್ತಿಳಿಯುವ ಸಾವಿರಾರು ಮಂದಿಯಲ್ಲಿ ಪ್ರತಿಯೊಬ್ಬರ ಮಂಡಿಚಿಪ್ಪಿನ ಹಿಂದೆ ಪ್ರತಿ ಮೆಟ್ಟಿಲಿಗೂ ದೇಹದ ತೂಕದ ಸುಮಾರು ಮೂರು ಪಟ್ಟು ಒತ್ತಡ ಬೀಳುತ್ತದೆ. ಅದನ್ನು ತಾಳುವುದು ಕೆಲವೇ ಮಿಲಿಮೀಟರ್ ದಪ್ಪದ ಮೃದ್ವಸ್ಥಿ. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ಒತ್ತಿದಾಗ ನೀರು ಹೊರಗೆ, ಬಿಟ್ಟಾಗ ಕೀಲಿನ ದ್ರವ ಒಳಗೆ. ಹೀಗೆ ಹಿಂಡಿಸಿಕೊಂಡೇ ಅದರ ಕೋಶಗಳು ಅನ್ನ ಪಡೆಯುತ್ತವೆ. ನಡೆಯದೆ ಕೂತವರ ಮೃದ್ವಸ್ಥಿ ಹಸಿದಿರುತ್ತದೆ ಎಂದರೆ ತಪ್ಪಲ್ಲ. ರಕ್ತ ಬಾರದ ಕಾರಣ ಒಮ್ಮೆ ಸವೆದರೆ ಮಾಯುವುದು ಅಪರೂಪ. ‘ಹತ್ತೂದು ಸಲೀಸು, ಇಳಿಯೂದು ಕಷ್ಟ’ ಎಂದು ವಯಸ್ಸಾದವರು ಹೇಳುವುದರಲ್ಲಿ ನಿಜವಿದೆ: ಇಳಿಯುವಾಗ ಬಾಗಿದ ಮಂಡಿಯ ಮೇಲೆ ಇಡೀ ಮೈ ಜಾರಿ ಬೀಳದಂತೆ ತಡೆದು ಹಿಡಿಯಬೇಕು. ಮೂಗಿನ ತುದಿ, ಗಾಳಿಕೊಳವೆಯ ಬಳೆಗಳು, ಪಕ್ಕೆಲುಬಿನ ಮುಂತುದಿ ಇದೇ ಗಾಜಿನಂಥ ಮೃದ್ವಸ್ಥಿ. ಕಿವಿಯಲ್ಲಿ ಎಲಾಸ್ಟಿನ್ ಬೆರೆತದ್ದು, ಆದ್ದರಿಂದ ಮೇಷ್ಟ್ರು ಹಿಂಡಿ ಬಿಟ್ಟರೂ ಮತ್ತೆ ಮೊದಲಿನ ಆಕಾರ. ಬೆನ್ನಿನ 23 ಬಿಲ್ಲೆಗಳಲ್ಲಿ ಕೊಲಾಜನ್ ದಟ್ಟವಾಗಿ ತುಂಬಿದ ಮೂರನೆಯ ಬಗೆ.

ಎಲುಬು ಕಲ್ಲಿನಂಥ ಜಡವಸ್ತು ಎಂಬ ಭಾವನೆ ಇನ್ನೂ ಹೋಗಿಲ್ಲ. ಅದನ್ನು ಹೋಗಲಾಡಿಸಲು ಒಂದು ಕೋಳಿ ಎಲುಬು, ಒಂದು ಬಾಟಲಿ ವಿನೆಗರ್ ಸಾಕು. ಯಾವ ಹಳ್ಳಿ ಶಾಲೆಯಲ್ಲಾದರೂ ಮಾಡಬಹುದು. ನಾಲ್ಕಾರು ದಿನ ನೆನೆದ ಎಲುಬನ್ನು ಹೊರತೆಗೆದರೆ ಆಕಾರ ಹಾಗೇ ಇರುತ್ತದೆ, ಆದರೆ ಬೆರಳಲ್ಲಿ ಬಗ್ಗಿಸಬಹುದು. ಆಮ್ಲ ಸುಣ್ಣದ ಲವಣವನ್ನು ಕರಗಿಸಿತು, ಕೊಲಾಜನ್ ಉಳಿಯಿತು. ವೈದ್ಯಕೀಯ ಕಾಲೇಜುಗಳಲ್ಲಿ ಹೀಗೆ ಲವಣ ತೆಗೆದ ಕಾಲಿನ ಸಣ್ಣ ಎಲುಬನ್ನು ಗಂಟು ಹಾಕಿಯೇ ತೋರಿಸುವುದುಂಟು. ಇನ್ನೊಂದು ಎಲುಬನ್ನು ಕೆಂಡದಲ್ಲಿ ಸುಟ್ಟರೆ ಉಲ್ಟಾ: ಕೊಲಾಜನ್ ಉರಿದು ಹೋಗಿ ಬಿಳಿಯ ಲವಣ ಉಳಿಯುತ್ತದೆ, ಒತ್ತಿದರೆ ಪುಡಿ. ಎಲುಬಿನ ತೂಕದಲ್ಲಿ ಮೂರನೇ ಎರಡು ಪಾಲಿನಷ್ಟು ಈ ಲವಣ. ಅದು ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸಿಲ್ ಸೇರಿದ ಅಪಟೈಟ್ ಹರಳು, ಕೊಲಾಜನ್ ನಾರುಗಳ ನಡುವೆ ಕ್ರಮವಾಗಿ ಕೂತಿರುತ್ತದೆ. ಎಲುಬು ತಿನ್ನುವ ಕೋಶಗಳು ಹಳೆಯದನ್ನು ಕರಗಿಸುತ್ತಲೇ ಇರುತ್ತವೆ, ಕಟ್ಟುವ ಕೋಶಗಳು ಹೊಸದನ್ನು ಹಾಕುತ್ತಲೇ ಇರುತ್ತವೆ. ಅಂದರೆ ಒಳಗೆ ಬಂದ ನೀರಿನಲ್ಲಿ ಏನಿದೆಯೋ ಅದಕ್ಕೆ ಎಲುಬಿನ ಬಾಗಿಲು ಯಾವಾಗಲೂ ತೆರೆದಿದೆ.

ಈಗ ನೀರಿನ ವಿಷಯ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯಲ್ಲಿ ಗಂಗಾವತಿ ಕಾಲುವೆಯ ಸೀಮೆ, ಕುಷ್ಟಗಿ ಮತ್ತು ಯಲಬುರ್ಗಾ ಮಳೆ ನಂಬಿದ ಸೀಮೆ. ಕಾಲುವೆಯಿಲ್ಲದ ಕಡೆ ನೆಲ ಕೊರೆದರು. ಇಲ್ಲಿ ನೆಲದಡಿ ಇರುವುದು ಗ್ರ್ಯಾನೈಟ್, ನೈಸ್ ಶಿಲೆ. ಅದರೊಳಗಿನ ಫ್ಲೋರೈಟ್, ಅಪಟೈಟ್, ಬಯೋಟೈಟ್ ಖನಿಜಗಳಲ್ಲಿ ಫ್ಲೋರೈಡ್ ಇದೆ. ಮೇಲ್ಮೈಯ ನೀರು ಬಂಡೆಯ ಜೊತೆ ಹೆಚ್ಚು ಹೊತ್ತು ಕೂಡುವುದಿಲ್ಲ. ಆಳದ ಬಿರುಕುಗಳಲ್ಲಿ ನಿಂತ ನೀರು ವರ್ಷಗಟ್ಟಲೆ ಕೂಡಿರುತ್ತದೆ. ಒಣ ಹವೆಯಲ್ಲಿ ಅದರಲ್ಲಿನ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಹೊರಬಿದ್ದರೆ ಫ್ಲೋರೈಡನ್ನು ಹಿಡಿದಿಡುವವರಿಲ್ಲ, ಇನ್ನಷ್ಟು ಕರಗುತ್ತದೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಒಪ್ಪುತ್ತದೆ; ಬೇರೆ ನೀರೇ ಸಿಗದಿದ್ದರೆ 1.5. ಈ ಎರಡೂ ತಾಲ್ಲೂಕುಗಳಲ್ಲಿ ಆ ಮಿತಿ ದಾಟಿದ ಬೋರುಗಳ ಮಾತು ಹೊಸದಲ್ಲ.

ಆ ಫ್ಲೋರೈಡ್ ದೇಹದಲ್ಲಿ ಹಿಡಿಯುವ ದಾರಿ ನೇರವಾದದ್ದು. ಮೈಯಲ್ಲಿ ಉಳಿದ ಫ್ಲೋರೈಡಿನ ಶೇಕಡಾ 99ರಷ್ಟು ಸೇರುವುದು ಎಲುಬು ಮತ್ತು ಹಲ್ಲಿಗೆ. ಅಪಟೈಟ್ ಹರಳಿನಲ್ಲಿ ಹೈಡ್ರಾಕ್ಸಿಲ್ ಇದ್ದ ಜಾಗಕ್ಕೆ ಹೋಗಿ ಕೂರುತ್ತದೆ. ಎಲುಬು ಕಟ್ಟುವ ಕೋಶಗಳನ್ನು ಕೆಣಕುತ್ತದೆ, ಅವು ಅಗತ್ಯಕ್ಕಿಂತ ಹೆಚ್ಚು ಕಟ್ಟುತ್ತವೆ. ಎಕ್ಸ್‌-ರೇಯಲ್ಲಿ ಎಲುಬು ದಟ್ಟವಾಗಿ ಬಿಳಿಯಾಗಿ ಕಾಣುತ್ತದೆ. ದಟ್ಟವಾದ ಮಾತ್ರಕ್ಕೆ ಗಟ್ಟಿಯಾಯಿತು ಎಂದಲ್ಲ. ಇಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು. ಆದರೆ ಶಾರ್ಪಿಯ ನಾರುಗಳು ಬೇರೂರಿದ ಆ ಗಡಿ ಇದೆಯಲ್ಲ, ಅಲ್ಲಿಂದ ಎಲುಬು ಹೊರಕ್ಕೆ, ರಜ್ಜುವಿನ ಒಳಕ್ಕೆ ಬೆಳೆಯತೊಡಗುತ್ತದೆ. ಬಾಗಬೇಕಾದದ್ದು ಎಲುಬಾಗುತ್ತದೆ.

ಮುಂಗೈಯ ಒಂದು ಎಕ್ಸ್‌-ರೇಯನ್ನು ಹತ್ತಿರದಿಂದ ನೋಡಬಹುದು. ಮುಂಗೈಯಲ್ಲಿ ಎರಡು ಉದ್ದನೆಯ ಎಲುಬು, ಅವುಗಳ ನಡುವೆ ಕೊಲಾಜನ್ನಿನ ತೆಳುಪೊರೆ. ಎಕ್ಸ್‌-ರೇಗೆ ಅದು ಕಾಣುವುದೇ ಇಲ್ಲ, ಎರಡು ಬಿಳಿ ಪಟ್ಟಿಗಳ ನಡುವೆ ಕಪ್ಪು ಜಾಗ ಅಷ್ಟೇ. ಫ್ಲೋರೈಡಿನಿಂದ ಬರುವ ಈ ಕಾಯಿಲೆ, ಅಂದರೆ ಫ್ಲೋರೋಸಿಸ್, ಬಲಿತವರ ಚಿತ್ರದಲ್ಲಿ ಆ ಕಪ್ಪು ಜಾಗಕ್ಕೆ ಎಲುಬಿನ ಒಳಅಂಚಿನಿಂದ ಮುಳ್ಳುಮುಳ್ಳಾಗಿ, ಗರಗಸದ ಹಲ್ಲಿನ ಸಾಲಾಗಿ ಬಿಳಿ ಗೆರೆ ಚಾಚಿರುತ್ತದೆ. ಪೊರೆಯ ನಾರುಗಳ ದಿಕ್ಕನ್ನೇ ಹಿಡಿದು ಬೆಳೆದದ್ದು ಅದು. ಅನುಭವಿ ರೇಡಿಯಾಲಜಿಸ್ಟ್ ಇದೊಂದನ್ನು ಕಂಡರೆ ರೋಗಿ ಯಾವ ಊರಿನವರು, ಯಾವ ನೀರು ಕುಡಿಯುತ್ತಾರೆ ಎಂದು ಕೇಳುತ್ತಾರೆ. ಬೆನ್ನಿನಲ್ಲಿ ಪರಿಣಾಮ ಇನ್ನೂ ಕ್ರೂರ. ಬೆನ್ನುಹುರಿಯ ಹಿಂದಿರುವ ಹಳದಿ ರಜ್ಜುವಿನಲ್ಲಿ ಎಲಾಸ್ಟಿನ್ನೇ ಹೆಚ್ಚು, ಬೆನ್ನಿನ ರಜ್ಜುಗಳಲ್ಲಿ ಅತಿ ಹೆಚ್ಚು ಹಿಗ್ಗುವುದು ಅದೇ. ಅದೂ ಎಲುಬಾದರೆ ಬೆನ್ನುಹುರಿಯ ಕಾಲುವೆ ಇಕ್ಕಟ್ಟಾಗಿ ಕಾಲಿನ ಶಕ್ತಿ ಉಡುಗುತ್ತದೆ.

ಇದು ಇಲ್ಲಿನವರಿಗಷ್ಟೇ ಬಂದ ಗಂಡಾಂತರವಲ್ಲ. ಭಾರತದಲ್ಲಿ ಎಲುಬಿನ ಫ್ಲೋರೋಸಿಸ್ ಮೊದಲು ದಾಖಲಾದದ್ದು 1937ರಲ್ಲಿ, ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ, ಶಾರ್ಟ್ ಮತ್ತು ಸಂಗಡಿಗರಿಂದ. 1973ರಲ್ಲಿ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ನಲ್ಗೊಂಡ ಸೀಮೆಯ ಹದಿಹರೆಯದವರಲ್ಲಿ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ರೂಪವನ್ನು ವಿವರಿಸಿದರು. ಕೇಂದ್ರ ಸರ್ಕಾರ 2008–09ರಲ್ಲಿ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಕಾರ್ಯಕ್ರಮ ಶುರುಮಾಡಿತು. ಹಳ್ಳಿಯಲ್ಲಿ ತಪಾಸಣೆಗೆ ಬಳಸುವ ಮೂರು ಪರೀಕ್ಷೆಗೆ ಯಾವ ಯಂತ್ರವೂ ಬೇಡ: ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈ ಎತ್ತಿ ತಲೆಯ ಹಿಂದೆ ಕಟ್ಟುವುದು. ಮೂರೂ ರಜ್ಜುಗಳ ಸಡಿಲವನ್ನೇ ಅಳೆಯುತ್ತವೆ. ಹೊಲದಲ್ಲಿ ದುಡಿಯುವ ನಲವತ್ತರ ಆಳಿಗೆ ಇವು ಆಗದಿದ್ದರೆ ‘ವಯಸ್ಸಾತು ಬಿಡ್ರಿ’ ಎಂದು ಕಳಿಸುವಂತಿಲ್ಲ. ಹಲ್ಲಿನ ಮೇಲಿನ ಕಂದು ಪಟ್ಟಿ ಬೇರೆ ವಿಷಯ. ಹಲ್ಲಿನ ಎನಾಮೆಲ್ ಸಂಯೋಜಕ ಅಂಗಾಂಶವೇ ಅಲ್ಲ, ಎಳವೆಯಲ್ಲಿ ಒಮ್ಮೆ ಆದ ಮೇಲೆ ಬದಲಾಗುವುದೂ ಇಲ್ಲ. ಕಲೆಯುಳ್ಳ ಹಲ್ಲು ಆ ಮಗು ಯಾವ ನೀರು ಕುಡಿದು ಬೆಳೆಯಿತು ಎಂಬುದರ ದಾಖಲೆಯಾಗಿ ಉಳಿಯುತ್ತದೆ. ಮೈಯ ಎಲುಬು ಏನಾಗುತ್ತಿದೆ ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ಕರ್ನಾಟಕದಲ್ಲೇ ಇನ್ನೊಂದು ಊರಿನ ಹೆಸರು ಎಲುಬು, ಮೃದ್ವಸ್ಥಿಯ ರೋಗಕ್ಕೆ ಅಂಟಿದೆ. ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದ ಮಧ್ಯದಲ್ಲಿ ಅಲ್ಲಿ ಸೊಂಟ, ಮಂಡಿಯ ಕೀಲುಗಳು ಸವೆದು ಜನ ನಡೆಯಲಾರದಂತಾದಾಗ ಮೊದಲ ಅನುಮಾನ ಗದ್ದೆಗೆ ಹೊಡೆದ ಕೀಟನಾಶಕ ಮತ್ತು ಗದ್ದೆಯ ಏಡಿಯ ಮೇಲೆ ಹೋಯಿತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳು ಅದು ವಂಶವಾಹಿಯ ದೋಷ ಎಂದು ಕಂಡುಕೊಂಡವು. ನೋವಿನ ಜಾಗ ಒಂದೇ, ಕಾರಣ ಒಂದೇ ಅಲ್ಲ. ನೀರು ಬದಲಿಸಿದರೆ ಹಂದಿಗೋಡಿಗೆ ಲಾಭವಿಲ್ಲ, ಕುಷ್ಟಗಿಗೆ ಇದೆ.

ವಂಶದ ದೋಷಗಳಲ್ಲಿ ಕಣ್ತಪ್ಪಿ ಹೋಗುವುದು ಮಾರ್ಫನ್ ಲಕ್ಷಣ. ಎಲಾಸ್ಟಿನ್ ನಾರಿಗೆ ಆಸರೆ ಕೊಡುವ ಫೈಬ್ರಿಲಿನ್ ಪ್ರೋಟೀನಿನ ತಪ್ಪು ಅದು. ಹುಡುಗ ತೀರಾ ಎತ್ತರ, ಉದ್ದ ಬೆರಳು, ಸಡಿಲ ಕೀಲು. ವಾಲಿಬಾಲ್ ತಂಡದಲ್ಲಿ ಎಲ್ಲರ ಮೆಚ್ಚಿನವನು. ಅವನ ಮಹಾಪಧಮನಿ ಮಾತ್ರ ಒಳಗೇ ಹಿಗ್ಗುತ್ತ ಹೋಗಿ ಒಂದು ದಿನ ಸೀಳಬಹುದು. ಜಗತ್ತಿನಲ್ಲಿ ಸುಮಾರು ಐದು ಸಾವಿರಕ್ಕೊಬ್ಬರಿಗೆ ಇದೆ ಎಂಬ ಅಂದಾಜು ಹಿಡಿದರೆ, 2011ರ ಜನಗಣತಿಯಲ್ಲಿ ಸುಮಾರು 13.9 ಲಕ್ಷ ಜನರಿದ್ದ ಕೊಪ್ಪಳ ಜಿಲ್ಲೆಯಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಇರಬೇಕು. ಒಂದು ಎಕೋ ಪರೀಕ್ಷೆ ಅವರ ಜೀವ ಉಳಿಸಬಲ್ಲದು.

ಮತ್ತೆ ನೀರಿಗೆ ಬಂದರೆ, ಯಾರ ಮೈಗೆ ಮೊದಲು ಒಳ್ಳೆಯ ನೀರು ಸಿಗಬೇಕು ಎಂಬುದಕ್ಕೆ ಡೆನ್ಮಾರ್ಕ್‌ನ ಒಂದು ಅಧ್ಯಯನದಲ್ಲಿ ಉತ್ತರವಿದೆ. 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಬಿಟ್ಟ ಇಂಗಾಲ-14 ಆ ಕಾಲದಲ್ಲಿ ಬೆಳೆಯುತ್ತಿದ್ದವರ ಮೈಯ ನಾರಿನಲ್ಲಿ ಸೇರಿಕೊಂಡಿತ್ತು. ಅದನ್ನು ಹಿಮ್ಮಡಿಯ ರಜ್ಜುವಿನಲ್ಲಿ ಅಳೆದ ಸಂಶೋಧಕರು 2013ರಲ್ಲಿ ಹೇಳಿದ್ದು: ರಜ್ಜುವಿನ ತಿರುಳು ಬಹುತೇಕ ಮೊದಲ 17 ವರ್ಷಗಳಲ್ಲೇ ಆಗಿಬಿಡುತ್ತದೆ, ಆಮೇಲೆ ಹೊಸದಾಗುವುದು ಅತ್ಯಲ್ಪ. ಬೆಳೆಯುವ ಮಕ್ಕಳ ಎಲುಬು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ಪ್ರಮಾಣವೂ ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಒಳ್ಳೆಯ ನೀರಿನ ಮೊದಲ ಸರದಿ ಮಕ್ಕಳದು.

ಕುಷ್ಟಗಿ, ಯಲಬುರ್ಗಾ ಹಳ್ಳಿಗಳಿಗೆ ಕೃಷ್ಣಾ ನದಿಯ ನೀರು ತರುವ ಬಹುಗ್ರಾಮ ಯೋಜನೆ, ಊರೂರಿನ ಶುದ್ಧ ನೀರಿನ ಘಟಕ, ಎರಡೂ ಸರಿಯಾದ ದಾರಿಯೇ. ಪೊರೆಯ ಮೂಲಕ ಒತ್ತಿ ಶೋಧಿಸುವ ಘಟಕ ಫ್ಲೋರೈಡನ್ನು ತೆಗೆಯುತ್ತದೆ. ನಲ್ಗೊಂಡ ವಿಧಾನದಲ್ಲಿ ಸುಣ್ಣ, ಪಟಿಕ ಹಾಕಿ ಕದಡಿ ತಳಕ್ಕೆ ಇಳಿಸಿಯೂ ತೆಗೆಯಬಹುದು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಹುಣಸೆ ಸೇವಿಸಿದರೆ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚುತ್ತದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2002ರಲ್ಲಿ ಶಾಲಾ ಹುಡುಗರ ಮೇಲಿನ ಒಂದು ಚಿಕ್ಕ ಅಧ್ಯಯನದಲ್ಲಿ ತೋರಿಸಿದ್ದಾರೆ. ಹಾಲು, ಮಜ್ಜಿಗೆಯ ಕ್ಯಾಲ್ಸಿಯಂ ಕರುಳಿನಲ್ಲೇ ಫ್ಲೋರೈಡನ್ನು ಹಿಡಿದು ಒಳಸೇರದಂತೆ ಮಾಡುತ್ತದೆ. ಇವು ಆಸರೆ ಮಾತ್ರ, ನೀರು ಬದಲಾಗದೆ ಬೇರೆ ಏನು ಮಾಡಿದರೂ ಅರ್ಧವೇ.

ಒಂದು ಸಣ್ಣ ಲೆಕ್ಕ ಎಲ್ಲರ ಕಣ್ಣು ತಪ್ಪಿಸುತ್ತದೆ. ನಾಣ್ಯ ಹಾಕಿ ಘಟಕದಿಂದ ತಂದ ಕ್ಯಾನಿನ ನೀರು ಕುಡಿಯಲಿಕ್ಕೆ. ಅನ್ನಕ್ಕೆ, ಬೇಳೆಗೆ, ಚಹಾಕ್ಕೆ, ರೊಟ್ಟಿಯ ಹಿಟ್ಟಿಗೆ ಮನೆಯ ನಳದ ಬೋರಿನ ನೀರು. ಕ್ಯಾನು ದುಡ್ಡಿನದು, ಹೊತ್ತು ತರಬೇಕು, ಆದ್ದರಿಂದ ಹೀಗೆ ಹಂಚಿಕೊಳ್ಳುವುದು ಸಹಜ. ಆದರೆ ಅಕ್ಕಿ ತನ್ನ ತೂಕದ ಎರಡು ಪಟ್ಟು ನೀರು ಹೀರುತ್ತದೆ, ಬೇಳೆಸಾರು ಬಹುಪಾಲು ನೀರೇ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರಿನಲ್ಲಿ ಅಡುಗೆ ಮಾಡಿ ಒಬ್ಬರ ಊಟ, ಚಹಾದಲ್ಲಿ ದಿನಕ್ಕೆ ಒಂದು ಲೀಟರ್ ಸೇರಿದರೂ 3 ಮಿಲಿಗ್ರಾಂ ಒಳಗೆ ಹೋದಂತೆ. 1 ಮಿಲಿಗ್ರಾಂ ಮಿತಿಯ ನೀರನ್ನೇ ಮೂರು ಲೀಟರ್ ಕುಡಿದರೂ ಅಷ್ಟೇ ಆಗುತ್ತಿತ್ತು. ಅಂಗನವಾಡಿಗಳಲ್ಲೂ ಶಾಲೆಯ ಬಿಸಿಯೂಟದ ಅಡುಗೆಮನೆಗಳಲ್ಲೂ ಕುಡಿಯುವ ನೀರಿನ ಡ್ರಮ್ಮಿನ ಜೊತೆಗೆ ಹಂಡೆಗೆ ಸುರಿಯುವ ನೀರನ್ನೂ ಪರೀಕ್ಷೆ ಮಾಡಿಸಬೇಕಾದದ್ದು ಅದಕ್ಕೇ.